ಕಂಪ್ಯೂಟರ್ ಕೆಟ್ಟಿಲ್ಲ, ಬೀಗದ ಕೈ ಮಾತ್ರ ಪರರ ಜೇಬಿನಲ್ಲಿ!

ಅಶೋಕ ರಸ್ತೆ ಕಡೆಯ ಒಂದು ಜೆರಾಕ್ಸ್ ಅಂಗಡಿಯ ಶಟರಿನ ಮೇಲೆ ಮೂರು ದಿನ ಒಂದು ಚೀಟಿ ಅಂಟಿಕೊಂಡಿತ್ತು. 'ಕಂಪ್ಯೂಟರ್ ಕೆಟ್ಟಿದೆ, ಸೋಮವಾರ ಬನ್ನಿ.' ಪಹಣಿ ತೆಗೆಸಲು ಜಗಳೂರಿನಿಂದ ಬಂದವರು, ಮಗಳ ಬಸ್ ಪಾಸಿಗೆ ಅರ್ಜಿ ಹಾಕಿಸಲು ಹೊನ್ನಾಳಿಯಿಂದ ಬಂದವರು, ಎಲ್ಲರೂ ಆ ಚೀಟಿ ಓದಿ, ಗೊಣಗಿ, ಒಂದು ಚಹಾ ಕುಡಿದು ವಾಪಸು ಬಸ್ ಹತ್ತಿದರು. ಹೋಗಿ ಬರುವ ಟಿಕೆಟ್ ದುಡ್ಡು ದಂಡ, ಒಂದು ದಿನದ ಕೂಲಿ ದಂಡ.

ವಿಚಾರಿಸಿ ನೋಡಿದರೆ ಕಂಪ್ಯೂಟರ್ ಕೆಟ್ಟೇ ಇರಲಿಲ್ಲ! ಅದಕ್ಕೆ ಹೊಸ ವಿಂಡೋಸ್ ಹಾಕುತ್ತಿದ್ದರು. ಹಾಕುವ ಮುಂಚೆ ಚೆನ್ನಾಗಿತ್ತು. ಹಾಕಿದ ಮೇಲೆ ಪ್ರಿಂಟರ್ ಮಾತಾಡಲಿಲ್ಲ, ಕನ್ನಡ ಓಡಲಿಲ್ಲ, ಹಳೇ ಫೈಲು ಸಿಗಲಿಲ್ಲ. ಇದು ಒಂದು ಅಂಗಡಿಯ ಕಥೆಯಲ್ಲ ಸ್ವಾಮಿ. ಮಂಡಿಪೇಟೆಯಿಂದ ಪಿ.ಬಿ. ರಸ್ತೆಯವರೆಗೆ ಒಂದು ಸುತ್ತು ಹಾಕಿ ಬನ್ನಿ. ಗಲ್ಲಾ ಮೇಲೆ ಕೂತ ಪ್ರತಿ ಮೂರನೆಯವರ ಬಾಯಲ್ಲೂ ಇದೇ ಹಾಡು.

ಕಂಪ್ಯೂಟರ್ ಗೊಡವೆ ಇಲ್ಲದ ಓದುಗರಿಗೆ ಒಂದು ಮಾತು. ಈ ಆಪರೇಟಿಂಗ್ ಸಿಸ್ಟಂ ಅಂದರೆ ಮಂಡಿಯ ಗುಮಾಸ್ತ ಇದ್ದ ಹಾಗೆ. ಯಾವ ಖಾತೆ ಯಾವ ಕಪಾಟಿನಲ್ಲಿದೆ, ಪ್ರಿಂಟರನ್ನು ಹೇಗೆ ಕರೆಯಬೇಕು, ಕೀಲಿಮಣೆ ಒತ್ತಿದರೆ ಏನು ಬರೆಯಬೇಕು ಎಲ್ಲಾ ಅವನಿಗೇ ಗೊತ್ತು. ಯಂತ್ರ ಬರೀ ಕಟ್ಟಡ, ನಡೆಸುವವನು ಇವನು. ಹತ್ತು ವರ್ಷದ ಹಳೇ ಗುಮಾಸ್ತನನ್ನು ಒಂದು ಮಧ್ಯಾಹ್ನ ಬಿಡಿಸಿ, ಊರು ಗೊತ್ತಿಲ್ಲದ ಹೊಸಬನನ್ನು ಕೂರಿಸಿದರೆ ಏನೇನು ಆಗಬೇಕೋ ಅದೆಲ್ಲಾ ಇಲ್ಲಿ ಆಗುತ್ತಿದೆ.

ಬಿಡಿಸಿದವರು ಯಾರು? ಅಂಗಡಿಯವರಂತೂ ಅಲ್ಲ. ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10 ಅನ್ನು 2015ರ ಜುಲೈ 29ರಂದು ಬಿಡುಗಡೆ ಮಾಡಿತು. ಇದೇ ಕೊನೆಯ ವಿಂಡೋಸ್, ಇನ್ನು ಮೇಲೆ ಇದನ್ನೇ ರಿಪೇರಿ ಮಾಡಿಕೊಂಡು ಹೋಗುತ್ತೇವೆ ಅನ್ನುವ ಅರ್ಥದ ಮಾತನ್ನು ಅದೇ ವರ್ಷ ಆ ಕಂಪನಿಯ ನೌಕರರೊಬ್ಬರು ಸಭೆಯಲ್ಲಿ ಆಡಿದ್ದರು. ನಂಬಿದವರು ನಂಬಿದರು. 2021ರ ಅಕ್ಟೋಬರ್ 5ಕ್ಕೆ ವಿಂಡೋಸ್ 11 ಬಂತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲು ಬೆಂಬಲ ನಿಂತಿತು. ಹಿಂದೆ ಎಕ್ಸ್‌ಪಿಗೂ ಇದೇ ಗತಿಯಾಗಿತ್ತು, 2014ರ ಏಪ್ರಿಲ್ 8ಕ್ಕೆ. ವಿಂಡೋಸ್ 7ಕ್ಕೆ 2020ರ ಜನವರಿ 14. ಗಡುವು ಹಾಕುವವರು ಅಮೆರಿಕದಲ್ಲಿ, ಅಂಗಡಿ ಬಾಗಿಲು ಹಾಕುವವರು ದಾವಣಗೆರೆಯಲ್ಲಿ.

ಬೆಂಬಲ ನಿಂತರೆ ಕಂಪ್ಯೂಟರ್ ನಿಲ್ಲುತ್ತದೆ ಅಂತ ಕೆಲವರು ಹೆದರಿಸುತ್ತಿದ್ದಾರೆ. ಅದು ಸುಳ್ಳು. ಮರುದಿನವೂ ಓಡುತ್ತದೆ, ಬಿಲ್ಲೂ ಬರುತ್ತದೆ. ನಿಲ್ಲುವುದು ಕಳ್ಳಗಿಂಡಿ ಮುಚ್ಚುವ ಕೆಲಸ ಮಾತ್ರ. ಅದೇನು ಸಣ್ಣ ವಿಷಯ ಅಂತಲೂ ತಿಳಿಯಬೇಡಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ಪಿಡುಗು ಲೋಕವನ್ನೆಲ್ಲಾ ಸುತ್ತಿತು. ಕಂಪ್ಯೂಟರಿನ ಫೈಲುಗಳಿಗೆ ಬೀಗ ಹಾಕಿ ಬಿಡಿಸಲು ದುಡ್ಡು ಕೇಳಿತು. ಇಂಗ್ಲೆಂಡಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಿದವು. ಪಕ್ಕದ ಆಂಧ್ರದಲ್ಲಿ ಪೊಲೀಸರ ಕಂಪ್ಯೂಟರಿಗೂ ಅದು ಬಡಿಯಿತು. ಆ ಗಿಂಡಿ ಮುಚ್ಚುವ ತೇಪೆಯನ್ನು ಎರಡು ತಿಂಗಳು ಮುಂಚೆ, ಮಾರ್ಚಿಯಲ್ಲೇ ಕಂಪನಿ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಆದ್ದರಿಂದ ತೇಪೆ ಬೇಡ ಅನ್ನುವ ವಾದ ನಮ್ಮದಲ್ಲ. ತೇಪೆ ಬೇಕಾದರೆ ಇಡೀ ಅಂಗಿಯನ್ನೇ ಬದಲಾಯಿಸು, ಅಂಗಿ ಹೊಂದದಿದ್ದರೆ ಮೈಯನ್ನೇ ಬದಲಾಯಿಸು ಅಂದರೆ, ಇದು ಯಾವ ಸೀಮೆ ನ್ಯಾಯ ಅಂತ ನಮ್ಮ ಪ್ರಶ್ನೆ.

ಮೈ ಬದಲಾಯಿಸು ಅಂದೆವಲ್ಲ, ಅದು ತಮಾಷೆಗೆ ಹೇಳಿದ್ದಲ್ಲ. ವಿಂಡೋಸ್ 11 ಕೂರಬೇಕಾದರೆ ಯಂತ್ರದಲ್ಲಿ ಟಿಪಿಎಂ 2.0 ಅನ್ನುವ ಸಲಕರಣೆ ಇರಬೇಕು. ಗುಟ್ಟಿನ ಬೀಗದ ಕೈಗಳನ್ನು ಕಾಯ್ದುಕೊಳ್ಳುವ ಸಣ್ಣ ತಿಜೋರಿ ಅದು. ಇಂಟೆಲ್ ಆದರೆ ಒಂದೆರಡು ಬಿಟ್ಟರೆ ಎಂಟನೇ ತಲೆಮಾರಿನದ್ದು ಅಥವಾ ಅದರಿಂದ ಈಚಿನದ್ದೇ ಆಗಬೇಕು. ಅಂದರೆ ಸುಮಾರು 2017ರ ಕೊನೆಯಿಂದ ಈಚೆಗೆ ಬಂದ ಮಾಲು. 2016ರಲ್ಲಿ ಒಳ್ಳೆ ದುಡ್ಡು ಕೊಟ್ಟು ತಂದ ಗಟ್ಟಿ ಯಂತ್ರಕ್ಕೆ ಸೀದಾ ಬಾಗಿಲು ಬಂದ್. ಚೌಕಿಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರು ಹೇಳಿದ ಮಾತು ಕೇಳಿ: "ತಕ್ಕಡಿ ನಮ್ಮಜ್ಜನ ಕಾಲದ್ದೈತಿ, ವರ್ಷಾ ವರ್ಷಾ ಸೀಲ್ ಹಾಕ್ಸಿದ್ರ ನಡೀತೈತಿ. ಈ ಡಬ್ಬಿ ಒಂಬತ್ತು ವರ್ಷಕ್ಕೇ ಮುದುಕಾತಂತೆ ನೋಡ್ರಿ!"

ಇಲ್ಲೇ ಮೊದಲನೆಯ ಮೋಸವೂ ಹುಟ್ಟುವುದು. ಎಷ್ಟೋ ಯಂತ್ರಗಳಲ್ಲಿ ಈ ತಿಜೋರಿ ಇದ್ದೇ ಇದೆ, ಆದರೆ ಅದರ ಸ್ವಿಚ್ಚು ಆಫ್ ಆಗಿದೆ. ಕಂಪ್ಯೂಟರ್ ಆನ್ ಆಗುವಾಗ ಒಳಹೊಕ್ಕು ನೋಡುವ ಬಯೋಸ್ ಅನ್ನುವ ಜಾಗದಲ್ಲಿ ಒಂದು ಸಾಲನ್ನು ಬದಲಾಯಿಸಿದರೆ ಮುಗಿಯಿತು. ಇಂಟೆಲ್ ಯಂತ್ರದಲ್ಲಿ ಅದರ ಹೆಸರು ಪಿಟಿಟಿ, ಎಎಂಡಿ ಯಂತ್ರದಲ್ಲಿ ಎಫ್‌ಟಿಪಿಎಂ. ಇಷ್ಟು ನೋಡದೆ, ನೋಡಿದರೂ ಹೇಳದೆ, "ಸಾವ್ಕಾರ್ರೇ, ಇದು ಆಗಂಗಿಲ್ರೀ, ಹೊಸಾದು ತಗೊಂಡ್ಬಿಡ್ರಿ" ಅಂದುಬಿಡುವವರು ಇದ್ದಾರೆ. ಯಂತ್ರಕ್ಕೆ ಯೋಗ್ಯತೆ ಇದೆಯೋ ಇಲ್ಲವೋ ಹೇಳಲು ಪಿಸಿ ಹೆಲ್ತ್ ಚೆಕ್ ಅನ್ನುವ ತಪಾಸಣೆಯನ್ನು ಕಂಪನಿಯೇ ಪುಕ್ಕಟೆ ಇಟ್ಟಿದೆ. ಆಗುವುದಿಲ್ಲ ಅಂದವರಿಗೆ ಅದನ್ನು ನಿಮ್ಮ ಕಣ್ಣೆದುರಿಗೇ ಓಡಿಸಲು ಹೇಳಿ. ಆಗುವುದಿಲ್ಲ ಅಂತ ಬಂದರೆ, ಯಾಕೆ ಆಗುವುದಿಲ್ಲ ಅನ್ನುವುದನ್ನೂ ಅದು ಬರೆದು ತೋರಿಸುತ್ತದೆ. ಇನ್ನೊಂದು ಮಾತು. ಅಸಲಿ ವಿಂಡೋಸ್ 10 ಇದ್ದು ಯಂತ್ರವೂ ಯೋಗ್ಯವಾಗಿದ್ದರೆ 11ಕ್ಕೆ ಹೋಗಲು ಕಂಪನಿಗೆ ಒಂದು ಪೈಸೆ ಕೊಡಬೇಕಾಗಿಲ್ಲ. ಕೂಲಿ ಕೊಡಿ, ಅದು ನ್ಯಾಯ. 'ವಿಂಡೋಸ್ ಚಾರ್ಜು' ಅಂತ ಬೇರೆ ಸಾಲು ಬರೆದರೆ, ಯಾತಕ್ಕೆ ಅಂತ ಕೇಳಿ.

ಮಂಡಿಯವರ ಪಾಡು ಬೇರೆಯೇ. ತೊಂಬತ್ತರ ದಶಕದಲ್ಲಿ ಯಾರೋ ಫಾಕ್ಸ್‌ಪ್ರೋದಲ್ಲಿ ಬರೆದುಕೊಟ್ಟ ಲೆಕ್ಕದ ಪ್ರೋಗ್ರಾಂ ಇಟ್ಟುಕೊಂಡವರು ಇವತ್ತಿಗೂ ಇದ್ದಾರೆ. ಕಪ್ಪು ಪರದೆ, ಬಿಳಿ ಅಕ್ಷರ. ಬರೆದವರು ಎಲ್ಲಿದ್ದಾರೋ ಗೊತ್ತಿಲ್ಲ. ಆದರೆ ರೈತರ ಪಟ್ಟಿ, ಚೀಲದ ಲೆಕ್ಕ, ಹಮಾಲಿ, ಕಮಿಷನ್ನು ಎಲ್ಲಾ ಅದರಲ್ಲಿ ನೀರು ಕುಡಿದ ಹಾಗೆ. 32 ಬಿಟ್ಟಿನ ವಿಂಡೋಸ್ ಇಂಥ ಡಾಸ್ ಕಾಲದ ಪ್ರೋಗ್ರಾಮನ್ನು ಹೇಗೋ ಓಡಿಸುತ್ತಿತ್ತು. ವಿಂಡೋಸ್ 11 ಬರುವುದೇ 64 ಬಿಟ್ಟಿನಲ್ಲಿ, ಅದರಲ್ಲಿ ಇದಕ್ಕೆ ಜಾಗವಿಲ್ಲ. 32ರಿಂದ 64ಕ್ಕೆ ನೇರವಾಗಿ ಏರಿಸಲೂ ಬರುವುದಿಲ್ಲ, ಎಲ್ಲಾ ತೊಳೆದು ಹೊಸದಾಗಿ ಹಾಕಬೇಕು. ತೊಳೆದ ಮೇಲೆ "ನಿಮ್ದು ಹಳೇ ಸಾಫ್ಟ್‌ವೇರು, ಓಡಂಗಿಲ್ಲ" ಅನ್ನುತ್ತಾರೆ. ಮುಂಚೆ ಹೇಳಬೇಕಾದ ಮಾತಲ್ಲವೇ ಅದು? ಡಾಸ್‌ಬಾಕ್ಸ್ ಅನ್ನುವ ಪುಕ್ಕಟೆ ಸಾಧನದಲ್ಲಿ ಇಂಥವುಗಳನ್ನು ಎಷ್ಟೋ ಸಲ ಎಬ್ಬಿಸಬಹುದು. ಆದರೆ ಅದನ್ನು ತಾಳ್ಮೆಯಿಂದ ಕೂತು ಮಾಡುವ ಹುಡುಗ ಸಿಗಬೇಕು. ಅದರ ಮೇಲೆ ಕರಕರ ಅನ್ನುವ ಆ ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು! ಹೊಸ ಯಂತ್ರದ ಬೆನ್ನಿಗೆ ಅದರ ಅಗಲ ಪಿನ್ನಿನ ತೂತೇ ಇರುವುದಿಲ್ಲ. ಇದೆಲ್ಲಾ ತಿಂಗಳ 20ನೇ ತಾರೀಖು ಜಿಎಸ್‌ಟಿ ರಿಟರ್ನ್ ಹಾಕುವ ಹಿಂದಿನ ದಿನವೇ ಒಕ್ಕರಿಸಬೇಕು ಅನ್ನುವುದು ಬಹುಶಃ ಬ್ರಹ್ಮನ ಬರಹ.

ಇನ್ನು ಕನ್ನಡ. ಲಗ್ನಪತ್ರಿಕೆ, ಕರಪತ್ರ, ಕರಾರುಪತ್ರ ಟೈಪು ಮಾಡುವ ಅಂಗಡಿಗಳಲ್ಲಿ ಇಪ್ಪತ್ತು ವರ್ಷದ ಕೆಲಸ ನುಡಿ, ಬರಹ ಇವುಗಳ ಹಳೇ ಅಕ್ಷರದಲ್ಲಿದೆ. ಆ ಕಾಲಕ್ಕೆ ಕನ್ನಡವನ್ನು ಕಂಪ್ಯೂಟರಿಗೆ ಕಟ್ಟಿಕೊಟ್ಟ ಪುಣ್ಯಾತ್ಮರನ್ನು ದೂರುವುದಿಲ್ಲ. ಅವತ್ತಿಗೆ ಬೇರೆ ದಾರಿ ಇರಲಿಲ್ಲ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದರು. ಫಾಂಟು ಇದ್ದರೆ ಕನ್ನಡ. ಇಲ್ಲದಿದ್ದರೆ ತಲೆ ಮೇಲೆ ಚುಕ್ಕಿ, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳ ಗೊಜ್ಜು. ಹೊಸ ವಿಂಡೋಸ್ ಹಾಕಿದವನು ಫಾಂಟು ಮರೆತರೆ ಅಂಗಡಿಯವನು ಬೆಳಿಗ್ಗೆ ಫೈಲು ತೆಗೆದು ಎದೆ ಹಿಡಿದುಕೊಳ್ಳುತ್ತಾನೆ. ಎಲ್ಲಾ ಹಾಳಾಯಿತು ಅಂತ ಫೈಲನ್ನು ಅಳಿಸಿದವರೂ ಇದ್ದಾರೆ! ಅಳಿಸಬೇಡಿ. ಅಕ್ಷರ ಒಳಗೆ ಹಾಗೇ ಇರುತ್ತದೆ. ಆ ಹಳೇ ಫಾಂಟನ್ನು ವಾಪಸು ಹಾಕಿದರೆ ಸರಿಹೋಗುತ್ತದೆ. ಇವತ್ತಿನ ಯೂನಿಕೋಡ್ ಕನ್ನಡಕ್ಕೆ ಈ ಕಾಯಿಲೆ ಇಲ್ಲ, ಎಕ್ಸ್‌ಪಿ ಕಾಲದಿಂದಲೂ ವಿಂಡೋಸ್ ಒಳಗೇ ಅದಕ್ಕೆ ಫಾಂಟು ಬರುತ್ತಿದೆ. ಆದರೂ ಹಳೇ ಅಭ್ಯಾಸ ಬಿಡದವರು ಬಹಳ. ಕಚೇರಿಗಳಲ್ಲೂ ಇದ್ದಾರೆ. ಅವರಿಗೆ ಹೇಳಲು ನಮ್ಮ ಅಂಕಣದ ಜಾಗ ಸಾಲದು.

ಇಷ್ಟೂ ತಲೆನೋವೇ, ಒಪ್ಪಿದೆವು. ಆದರೆ ತಲೆನೋವು ಒಂದು ವಾರಕ್ಕೆ ಇಳಿಯುತ್ತದೆ. ನಾವು ಈ ಅಂಕಣ ಬರೆಯಲು ಕೂತದ್ದು ಬೇರೆ ಕಾರಣಕ್ಕೆ. ಅದನ್ನು ಅಂಗಡಿಕಾರರು ದಯವಿಟ್ಟು ಎರಡು ಸಲ ಓದಿ.

ವಿಂಡೋಸ್ 11ರ ಮನೆಬಳಕೆಯ ಹೋಂ ಆವೃತ್ತಿಯನ್ನು ಹೊಸದಾಗಿ ಹಾಕುವಾಗ ಇಂಟರ್ನೆಟ್ಟು ಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು ಅನ್ನುತ್ತದೆ. ಖಾತೆ ಅಂದರೆ ಒಂದು ಇಮೇಲ್ ವಿಳಾಸ, ಒಂದು ಪಾಸ್‌ವರ್ಡು. ಆ ಹೊತ್ತಿಗೆ ಅಂಗಡಿಯಲ್ಲಿ ಗಿರಾಕಿ ಗದ್ದಲ. ಮಾಲೀಕರು ಗಲ್ಲಾದಲ್ಲಿ. ಪರದೆ ಮೇಲೆ ಬರುವ ಪ್ರಶ್ನೆಗಳೆಲ್ಲಾ ಇಂಗ್ಲಿಷಿನಲ್ಲಿ, ಕನ್ನಡದ ಪರದೆ ಬೇಕೆಂದರೆ ಅದನ್ನು ಆಮೇಲೆ ಬೇರೆಯಾಗಿ ಇಳಿಸಿಕೊಳ್ಳಬೇಕು. "ಅಣ್ಣಾ, ಇಮೇಲ್ ಐತೇನ್ರೀ?" ಅಂತ ಹುಡುಗ ಕೇಳುತ್ತಾನೆ. "ಅದೆಲ್ಲಾ ನಂಗೆ ಗೊತ್ತಿಲ್ಲಪ್ಪಾ, ನೀನೇ ಏನರ ಹಾಕು" ಅಂತ ಇವರು ಅನ್ನುತ್ತಾರೆ. ಅವನು ತನ್ನದೇ ಇಮೇಲ್ ಹಾಕಿ ಮುಂದಕ್ಕೆ ಹೋಗುತ್ತಾನೆ. ಕೆಲಸ ಮುಗಿಯಿತು, ದುಡ್ಡು ಇಸ್ಕೊಂಡ, ಹೋದ.

ಆದದ್ದೇನು ಗೊತ್ತೇ? 2024ರಲ್ಲಿ ಬಂದ ಆವೃತ್ತಿಯಿಂದ ಈಚೆಗೆ, ಹೀಗೆ ಖಾತೆ ಕೊಟ್ಟು ಹೊಸದಾಗಿ ಹಾಕಿದ ಬಹುತೇಕ ಯಂತ್ರಗಳಲ್ಲಿ ವಿಂಡೋಸ್ ತಾನೇ ಡಿಸ್ಕಿಗೆ ಬೀಗ ಜಡಿಯುತ್ತದೆ. ಒಳಗಿರುವುದನ್ನೆಲ್ಲಾ ಗುಪ್ತಲಿಪಿಗೆ ಬದಲಾಯಿಸುತ್ತದೆ. ಅಂಗಡಿಯಲ್ಲಿ ಕಂಪ್ಯೂಟರ್ ಕಳುವಾದರೂ ಕಳ್ಳನಿಗೆ ಲೆಕ್ಕ ಸಿಗಬಾರದು ಅನ್ನುವುದು ಉದ್ದೇಶ. ಉದ್ದೇಶ ಒಳ್ಳೆಯದೇ. ದಿನವೂ ಈ ಬೀಗ ಕಣ್ಣಿಗೆ ಬೀಳುವುದಿಲ್ಲ, ತಾನೇ ತೆರೆದುಕೊಳ್ಳುತ್ತದೆ. ಆದರೆ ಮದರ್‌ಬೋರ್ಡ್ ಬದಲಾಯಿಸಿದಿರಿ, ಬಯೋಸಿನಲ್ಲಿ ಏನೋ ಮುಟ್ಟಿದಿರಿ ಅನ್ನಿ. ಒಂದು ಬೆಳಿಗ್ಗೆ ನೀಲಿ ಪರದೆ ಎದ್ದು ನಿಂತು 48 ಅಂಕಿಯ ಒಂದು ಸಂಖ್ಯೆ ಕೇಳುತ್ತದೆ. ಆ ಸಂಖ್ಯೆ ಎಲ್ಲಿದೆ? ಯಾವ ಇಮೇಲ್ ಕೊಟ್ಟು ಹಾಕಿದಿರೋ ಆ ಖಾತೆಯಲ್ಲಿ! ಅಂದರೆ ಆ ಹುಡುಗನ ಖಾತೆಯಲ್ಲಿ. ಅವನು ಅಷ್ಟರಲ್ಲಿ ಬೆಂಗಳೂರಿಗೋ ಹುಬ್ಬಳ್ಳಿಗೋ ಕೆಲಸಕ್ಕೆ ಹೋಗಿರುತ್ತಾನೆ. ನಂಬರು ಬದಲಾಗಿರುತ್ತದೆ. ಅವನಿಗೇ ಆ ಪಾಸ್‌ವರ್ಡು ಮರೆತಿದ್ದರೆ ಮುಗಿದೇ ಹೋಯಿತು. ಸಂಖ್ಯೆ ಇಲ್ಲದೆ ಕಂಪನಿಯವರಿಗೂ ತೆರೆಯಲು ಬರುವುದಿಲ್ಲ. ಉದರಿ ಖಾತೆ, ಸ್ಟಾಕು, ಗಿರಾಕಿಗಳ ಪಟ್ಟಿ, ಎಲ್ಲಾ ಅಲ್ಲೇ ಇದೆ, ನಿಮ್ಮ ಅಂಗಡಿಯೊಳಗೇ ಇದೆ, ಆದರೆ ನಿಮ್ಮದಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುವ ಗಾದೆ ಸಾಲದ ದುಡ್ಡಿಗೆ ಅಂತ ತಿಳಿದಿದ್ದೆವು!

ಇದರಲ್ಲಿ ಹುಡುಗರದ್ದೇ ತಪ್ಪು ಅನ್ನಲು ಮನಸ್ಸು ಬಾರದು. ಒಂದು ಸ್ಕ್ರೂಡ್ರೈವರು, ಒಂದು ಪೆನ್‌ಡ್ರೈವು ಇಟ್ಟುಕೊಂಡು ಬೈಕಿನಲ್ಲಿ ಊರು ತಿರುಗುವ ಬಡಪಾಯಿಗಳು. ಗಂಟೆಗಟ್ಟಲೆ ಕೂತು ಹಾಕಿದರೂ ಗಿರಾಕಿ ಚೌಕಾಸಿ ಬಿಡುವುದಿಲ್ಲ. ಕೆಲವರಿಗೆ ಈ ಬೀಗದ ಸಂಗತಿಯೇ ಗೊತ್ತಿಲ್ಲ. ತಪ್ಪು ದೊಡ್ಡದಿರುವುದು ಕಂಪನಿಯದ್ದು. ಇಷ್ಟು ದೊಡ್ಡ ಬೀಗ ಜಡಿಯುವಾಗ ಪರದೆ ತುಂಬಾ ದಪ್ಪಕ್ಷರದಲ್ಲಿ, ಕನ್ನಡದಲ್ಲಿ, 'ಈ ಸಂಖ್ಯೆ ಬರೆದುಕೊಳ್ಳಿ, ಬರೆದುಕೊಂಡ ಮೇಲೆ ಮುಂದೆ ಹೋಗಿ' ಅಂತ ತಡೆದು ನಿಲ್ಲಿಸಬೇಕಿತ್ತು. ಜಾಹೀರಾತು ತೋರಿಸುವಾಗ ಇರುವ ಮುತುವರ್ಜಿ ಇಲ್ಲಿ ಇಲ್ಲ. ಅದೇ ಖಾತೆಯ ಜೊತೆಗೆ ಒನ್‌ಡ್ರೈವ್ ಅನ್ನುವ ದೂರದ ಗೋದಾಮಿಗೆ ಡೆಸ್ಕ್‌ಟಾಪಿನ ಫೈಲುಗಳನ್ನು ತಾನೇ ಸಾಗಿಸಲು ಶುರು ಮಾಡುತ್ತದೆ. ಪುಕ್ಕಟೆ ಜಾಗ 5 ಜಿಬಿ. ಜೆರಾಕ್ಸ್ ಅಂಗಡಿಯವರ ಫೋಟೋಗಳಿಗೆ ಅದು ಒಂದು ವಾರಕ್ಕೂ ಸಾಲದು. ತುಂಬಿದ ಮೇಲೆ ಜಾಗ ಕೊಳ್ಳಿ, ಜಾಗ ಕೊಳ್ಳಿ ಅಂತ ಸೈಟ್ ಬ್ರೋಕರಿನ ಹಾಗೆ ಗಂಟು ಬೀಳುತ್ತದೆ. ಆ ಖಾತೆಯೂ ಹುಡುಗನದ್ದೇ ಆಗಿದ್ದರೆ ನಿಮ್ಮ ಗಿರಾಕಿಗಳ ಆಧಾರ್ ಪ್ರತಿಗಳು ಯಾರ ಗೋದಾಮಿಗೆ ಹೋಗುತ್ತಿವೆ ಅಂತ ಯೋಚಿಸಿ. ಬಸ್ಸಿನಲ್ಲಿ ಕೂತು ಇದನ್ನು ಓದುತ್ತಿರುವವರೇ, ಆ ಪ್ರತಿಗಳಲ್ಲಿ ನಿಮ್ಮದೂ ಒಂದು ಇರಬಹುದು.

ಇನ್ನೊಂದು ದಂಧೆ ಇದೆ. ಯೋಗ್ಯತೆ ಇಲ್ಲದ ಯಂತ್ರಕ್ಕೆ ತಪಾಸಣೆ ತಪ್ಪಿಸಿ ವಿಂಡೋಸ್ 11 ಕೂರಿಸುವುದು. ಕೂರುತ್ತದೆ, ಸುಳ್ಳಲ್ಲ. ಆದರೆ ಅಂಥ ಯಂತ್ರಕ್ಕೆ ಮುಂದಿನ ತೇಪೆ ಬರುವ ಭರವಸೆ ಇಲ್ಲ ಅಂತ ಕಂಪನಿ ಹೇಳಿಬಿಟ್ಟಿದೆ. ತೇಪೆಗೋಸ್ಕರವೇ ಅಲ್ಲವೇ ಇಷ್ಟೆಲ್ಲಾ ರಾಮಾಯಣ? ಅದಕ್ಕಿಂತ ಕೆಟ್ಟದ್ದು ಕಳ್ಳ ಪ್ರತಿ. ಅದನ್ನು 'ಆಕ್ಟಿವೇಟ್' ಮಾಡುವ ಪ್ರೋಗ್ರಾಂ ಓಡಿಸುವ ಮುಂಚೆ ಆಂಟಿವೈರಸ್ ಆಫ್ ಮಾಡು ಅನ್ನುತ್ತದೆ. ಮನೆಗೆ ಬರುವ ನೆಂಟ ನಾಯಿಯನ್ನು ಕಟ್ಟಿಹಾಕು ಅಂದರೆ ಸರಿ, ಬಾಗಿಲ ಚಿಲಕವನ್ನೂ ತೆಗೆದಿಡು ಅಂದರೆ?

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀರಿ. ಮೊದಲನೆಯದಾಗಿ, ಗಾಬರಿ ಬಿದ್ದು ಹೊಸ ಯಂತ್ರಕ್ಕೆ ಸಾಲ ಮಾಡಬೇಡಿ. ಮನೆಬಳಕೆಯ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷ ತೇಪೆ ಕೊಡುತ್ತೇವೆ ಅಂತ ಕಂಪನಿ ಗಡುವಿನ ವರ್ಷವೇ ಸಾರಿತು. 30 ಡಾಲರ್ ಕೊಟ್ಟು, ಇಲ್ಲವೇ ಕಂಪನಿಯ ಖಾತೆ ತೆರೆದು ಯಂತ್ರದ ಸೆಟ್ಟಿಂಗುಗಳನ್ನು ಅಲ್ಲಿಗೆ ಜೋಡಿಸಿದರೆ ಪುಕ್ಕಟೆಯಾಗಿ. ಇದನ್ನು ನಮ್ಮ ಊರಿನಲ್ಲಿ ಎಷ್ಟು ಅಂಗಡಿಯವರಿಗೆ ಯಾರು ಹೇಳಿದರು? ಹೊಸ ಕಂಪ್ಯೂಟರ್ ಮಾರುವವರು ಹೇಳುತ್ತಾರೆಯೇ!

ಪಹಣಿ, ಅರ್ಜಿ, ಇಮೇಲ್, ಪ್ರಿಂಟು ಇಷ್ಟೇ ಕೆಲಸವಿರುವ ಹಳೇ ಯಂತ್ರಕ್ಕೆ ಲಿನಕ್ಸ್ ಅನ್ನುವ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಧಾರಾಳವಾಗಿ ಸಾಕು. ಪಕ್ಕದ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ವರ್ಷಗಳಿಂದ ಅದರಲ್ಲೇ ಕಲಿಯುತ್ತಿದ್ದಾರೆ. ಆದರೆ ಟ್ಯಾಲಿ ಇಟ್ಟುಕೊಂಡವರು ಎಚ್ಚರ. ಅದು ವಿಂಡೋಸಿನ ಮಾಲು, ಲಿನಕ್ಸಿನಲ್ಲಿ ನೇರವಾಗಿ ಕೂರುವುದಿಲ್ಲ. ಪ್ರಿಂಟರೂ ಸ್ಕ್ಯಾನರೂ ಓಡುತ್ತವೆಯೋ ಅಂತ ಮೊದಲು ಪೆನ್‌ಡ್ರೈವಿನಿಂದಲೇ ಹಚ್ಚಿ ನೋಡಬಹುದು. ಒಳಗಿನ ಡಿಸ್ಕಿಗೆ ಏನೂ ಬರೆಯಬೇಕಾಗಿಲ್ಲ. ಈ ಅನುಕೂಲವನ್ನು ವಿಂಡೋಸ್ ಯಾವತ್ತಾದರೂ ಗಿರಾಕಿಗೆ ಕೊಟ್ಟಿದೆಯೇ?

ಹಾಕಿಸುವುದೇ ಆದರೆ, ಗಿರಾಕಿ ಕಡಿಮೆ ಇರುವ ದಿನ ನೋಡಿ, 20ನೇ ತಾರೀಖು ಕಳೆದ ಮೇಲೆ ಹಾಕಿಸಿ. ಫೈಲುಗಳನ್ನೆಲ್ಲಾ ಹೊರಗಿನ ಡಿಸ್ಕಿಗೆ ತೆಗೆದು, ಅದನ್ನು ಬೇರೊಂದು ಕಂಪ್ಯೂಟರಿಗೆ ಹಚ್ಚಿ, ಎರಡು ಮೂರು ಫೈಲು ತೆರೆದು ನೋಡಿ. "ಡಿ ಡ್ರೈವಿನಾಗೆ ಐತ್ರೀ, ಏನಾಗಲ್ಲ" ಅನ್ನುವ ಮಾತು ನಂಬಿ ಕೆಟ್ಟವರು ಬಹಳ. ಡಿ ಡ್ರೈವೂ ಅದೇ ಡಿಸ್ಕಿನ ಇನ್ನೊಂದು ಕೋಣೆ, ಫಾರ್ಮ್ಯಾಟ್ ಮಾಡುವ ಕೈ ತಪ್ಪಿದರೆ ಎರಡೂ ಹೋಗುತ್ತವೆ. ಇಮೇಲ್ ನಿಮ್ಮದೋ ನಿಮ್ಮ ಮಕ್ಕಳದೋ ಇರಲಿ, ಬೇರೆಯವರದ್ದು ಬೇಡ. ಈಗಾಗಲೇ ಹಾಕಿಸಿದವರು ಇವತ್ತೇ ಸೆಟ್ಟಿಂಗ್ಸಿಗೆ ಹೋಗಿ ಖಾತೆ ಯಾರ ಹೆಸರಿನಲ್ಲಿದೆ ಅಂತ ನೋಡಿಕೊಳ್ಳಿ. ಹುಡುಗನದ್ದಾಗಿದ್ದರೆ ಅವನು ಊರಲ್ಲಿರುವಾಗಲೇ ಕರೆಸಿ ಬದಲಾಯಿಸಿಕೊಳ್ಳಿ. ಆ 48 ಅಂಕಿಯನ್ನು ಕಾಗದದ ಮೇಲೆ ಬರೆದು, ಬ್ಯಾಂಕ್ ಪಾಸ್‌ಬುಕ್ಕಿನ ಜೊತೆ ಇಡಿ. ಕಂಪ್ಯೂಟರಿನೊಳಗೇ ಫೈಲು ಮಾಡಿ ಇಟ್ಟರೆ ಏನು ಪ್ರಯೋಜನ ಅಂತ ಬಿಡಿಸಿ ಹೇಳಬೇಕಾಗಿಲ್ಲವಲ್ಲ.

ನಮ್ಮ ವರ್ತಕರ ಸಂಘಗಳು ತೆರಿಗೆ ಬಂದಾಗ ಸಭೆ ಸೇರುತ್ತವೆ, ಬಂದ್ ಕರೆ ಕೊಡುತ್ತವೆ. ಒಂದು ಭಾನುವಾರ ಈ ವಿಷಯಕ್ಕೂ ಸಭೆ ಕರೆಯಲಿ. ರಿಪೇರಿ ಹುಡುಗರನ್ನೂ ಕರೆದು ಕೂರಿಸಲಿ, ಅವರಿಗೂ ಒಂದು ದರಪಟ್ಟಿ ಗೊತ್ತಾಗಲಿ. ವಿಂಡೋಸ್ ಹಾಕಿದ ಬಿಲ್ಲಿನಲ್ಲಿ ಮೂರು ಸಾಲು ಬರೆಯುವುದು ಕಡ್ಡಾಯ ಅಂತ ತಮ್ಮೊಳಗೇ ನಿಯಮ ಮಾಡಿಕೊಳ್ಳಲಿ: ಪ್ರತಿ ಅಸಲಿಯೋ ಅಲ್ಲವೋ, ಖಾತೆ ಯಾರ ಹೆಸರಿನಲ್ಲಿದೆ, ಬೀಗದ ಸಂಖ್ಯೆ ಮಾಲೀಕರ ಕೈಗೆ ಕೊಟ್ಟದ್ದಕ್ಕೆ ಸಹಿ. ಬಿಲ್ಲೇ ಕೊಡದವರ ಕೈಗೆ ಕಂಪ್ಯೂಟರ್ ಕೊಡಬಾರದು ಅನ್ನುವುದನ್ನೂ ಅದೇ ಸಭೆಯಲ್ಲಿ ಸೇರಿಸಿಕೊಳ್ಳಲಿ.